ಎಲಮ್ ಹಾಕೆಟ್‌ನ ಐದನೇ ಪಂದ್ಯ

ಎಲಮ್ ಹಾಕೆಟ್‌ಗೆ ಸುಮ್ಮನೆ ಕೂರಲು ಬರುತ್ತಿರಲಿಲ್ಲ. ಬೇರೆ ಊರಿನಲ್ಲಾಗಿದ್ದರೆ ಇದನ್ನು ಯಾರೂ ದೊಡ್ಡದು ಮಾಡುತ್ತಿರಲಿಲ್ಲ. ಆದರೆ ಅವನು ಹುಟ್ಟಿದ್ದು ಇಂಡಿಯಾನಾದ ಮಿಲ್ ಕ್ರೀಕ್‌ನಲ್ಲಿ, ನಮ್ಮ ಸ್ನೇಹಿತರ ಸಭೆಯವರ ನಡುವೆ. ಹೊರಗಿನವರು ನಮ್ಮನ್ನು ಕ್ವೇಕರರು ಎನ್ನುತ್ತಾರೆ. ನಮ್ಮ ಆರಾಧನೆಗೆ ಪಾದ್ರಿ ಬೇಡ, ಹಾಡು ಬೇಡ. ಭಾನುವಾರ ಒಮ್ಮೆ, ಬುಧವಾರ ಒಮ್ಮೆ ಸಭಾಮನೆಯ ಬೆಂಚುಗಳ ಮೇಲೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂತು ಮೌನವಾಗಿ ಕಾಯುವುದು, ಅಷ್ಟೆ. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ಹೇಳುತ್ತಾರೆ. ಬಾರದಿದ್ದರೆ ಎರಡು ಗಂಟೆ ಹೊತ್ತು ನೊಣ ಹಾರುವ ಸದ್ದು ಕೇಳಿಸಿಕೊಂಡು ಮನೆಗೆ ಹೋಗುತ್ತಾರೆ. ಅಂಥ ಕಡೆ ಕಾಲಿಗೆ ಚಕ್ರ ಕಟ್ಟಿಕೊಂಡ ಮಗುವೊಂದು ಹುಟ್ಟಿದರೆ ಮಗುವಿಗೂ ಕಷ್ಟ, ಊರಿಗೂ ಕಷ್ಟ.

ತಂದೆತಾಯಿ ಇಬ್ಬರೂ ಒಂದೇ ವರ್ಷ ಜ್ವರದಲ್ಲಿ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಅಪ್ಪನ ಅಕ್ಕ ಕೆಜಾಯಾ. ಮದುವೆಯಾಗದ ಹೆಂಗಸು, ತಲೆಯ ಮೇಲೆ ಸದಾ ಬೂದು ಟೋಪಿ, ನಾಲಿಗೆಯ ಮೇಲೆ ಸ್ವಲ್ಪ ಮೆಣಸು. "ಇವನ ಅಂಡಿಗೆ ಯಾರೋ ಇರುವೆ ಬಿಟ್ಟಿದಾರೆ. ಮೊಳೆ ಹೊಡೆದು ಕೂರಿಸಿದ್ರೆ ಬೆಂಚನ್ನೂ ಎತ್ಕೊಂಡು ಓಡ್ತಾನೆ" ಎನ್ನುತ್ತಿದ್ದಳು. ಬೈದರೂ ಅವಳಿಗೆ ಅವನೆಂದರೆ ಪ್ರಾಣ. ಇಡೀ ಸಭೆಯಲ್ಲಿ ಎಂದೂ ಸುಳ್ಳು ಹೇಳದ ಹುಡುಗ ಯಾರಾದರೂ ಇದ್ದರೆ ಅದು ತನ್ನ ಎಲಮ್ ಎಂದು ಅವಳು ನಂಬಿದ್ದಳು, ನಂಬಿದ್ದನ್ನು ಎಲ್ಲರಿಗೂ ಹೇಳುತ್ತಿದ್ದಳು.

ಬೆಳೆದ ಮೇಲೆ ಅವನು ಕಮ್ಮಾರನ ಬಳಿ ಎಂಟು ತಿಂಗಳಿದ್ದು ಬಿಟ್ಟ. ಸರ್ವೆಯವರ ಸರಪಳಿ ಹಿಡಿದು ಒಂದು ಬೇಸಿಗೆ ಅಲೆದ. ಕಾನ್ಸಾಸ್‌ನಲ್ಲಿ ಒಂದು ಚಳಿಗಾಲ ಮಕ್ಕಳಿಗೆ ಪಾಠ ಹೇಳಿದ. ಅಲ್ಲಿಂದ ಬರುವಾಗ ಅರ್ಧ ದಾರಿ ನಡೆದೇ ಬಂದ. ಯಾಕೋ ಎಂದರೆ, "ರೈಲಲ್ಲಿ ಕೂತಿರ್ಬೇಕಲ್ಲ" ಎಂದ. ಇಪ್ಪತ್ಮೂರು ವರ್ಷದ ಈ ಗಂಡಸನ್ನು ಏನು ಮಾಡುವುದೆಂದು ತೋಚದೆ ಅತ್ತೆ ನಮ್ಮ ಸಭೆಯದೇ ಕಾಲೇಜಿಗೆ ಸೇರಿಸಿದಳು. ಅಲ್ಲಿಯೂ ಕೂತೇ ಓದಬೇಕು ಎನ್ನುವುದು ಅವಳಿಗೆ ಮರೆತುಹೋಗಿತ್ತೋ ಏನೋ.

ಅದು ೧೮೯೩ರ ಶರತ್ಕಾಲ. ಲಿಂಡ್ಲಿ ಬೀಸನ್ ಎಂಬವನು ಪೂರ್ವದ ಕಡೆಯ ದೊಡ್ಡ ಕಾಲೇಜೊಂದರಲ್ಲಿ ಒಂದು ವರ್ಷ ಓದಿ, ಅಲ್ಲಿ ಸರಿಹೋಗದೆ ನಮ್ಮಲ್ಲಿಗೆ ಬಂದಿದ್ದ. ಬರುವಾಗ ಕೈಯಲ್ಲಿ ಒಂದು ಉದ್ದುದ್ದ ಚರ್ಮದ ಚೆಂಡು ತಂದಿದ್ದ. ಹೆಸರಿಗೆ ಫುಟ್‌ಬಾಲು, ಕಾಲಿಗಿಂತ ಹೆಚ್ಚಾಗಿ ಅದಕ್ಕೆ ಕಂಕುಳು ಬೇಕು, ಹೆಗಲು ಬೇಕು, ಮೇಲೆ ಆರು ಜನ ಬಿದ್ದರೂ ಚೆಂಡು ಬಿಡದ ಹಟ ಬೇಕು. ಅರವತ್ತು ಚಿಲ್ಲರೆ ಹುಡುಗರಿದ್ದ ಕಾಲೇಜಿನಲ್ಲಿ ಲಿಂಡ್ಲಿ ಹೇಗೋ ಹನ್ನೆರಡು ಜನರನ್ನು ಒಟ್ಟು ಹಾಕಿ ತಾನೇ ನಾಯಕನಾದ. ಸಭೆಯ ಹಿರಿಯರು ತಿಂಗಳು ಯೋಚಿಸಿ ಒಪ್ಪಿಗೆ ಕೊಟ್ಟರು. ಬಣ್ಣಬಣ್ಣದ ಅಂಗಿ ಕೂಡದು, ಬೈಗುಳ ಕೂಡದು, ಬಾಜಿ ಕಟ್ಟುವವರ ಹತ್ತಿರ ಸುಳಿಯಕೂಡದು. ಹಾಗಾಗಿ ನಮ್ಮ ಹುಡುಗರು ಬೂದು ಅಂಗಿಯಲ್ಲೇ ಆಡಿದರು. ದೂರದಿಂದ ನೋಡಿದರೆ ಹನ್ನೊಂದು ಜನ ಸಾವಿನ ಮನೆಗೆ ಹೊರಟ ಹಾಗಿತ್ತು.

ಮೊದಲ ದಿನ ಎಲಮ್‌ನ ಕೈಗೆ ಚೆಂಡು ಬಂದಾಗ ನಾಲ್ಕು ಜನ ಒಟ್ಟಿಗೆ ಅವನ ಮೇಲೆ ಬಿದ್ದರು. ಎದ್ದಾಗ ಬಾಯಲ್ಲಿ ಹುಲ್ಲು, ಮೂಗಲ್ಲಿ ರಕ್ತ, ಮುಖದ ತುಂಬ ನಗು.

"ಇನ್ನೊಂದ್ಸಲ ಕೊಡು" ಎಂದ.

ಅಂದು ಸಂಜೆ ಊಟದ ಮೇಜಿನಲ್ಲಿ ಅವನ ಮಂಡಿ ಎಂದಿನಂತೆ ಕುಣಿಯಲಿಲ್ಲ. ಕೆಜಾಯಾ ಅತ್ತೆ ಎರಡು ಸಲ ಮೇಜಿನ ಕೆಳಗೆ ಬಗ್ಗಿ ನೋಡಿದಳು. ಆಟವನ್ನು ಅವಳು ಮೆಚ್ಚಿದವಳಲ್ಲ. ಆದರೂ ಮರುದಿನ ಅವನ ದಪ್ಪ ಬಟ್ಟೆಯ ಚಡ್ಡಿಯನ್ನು ಎಳೆದುಕೊಂಡು, ತೊಡೆಗೆ, ಮಂಡಿಗೆ ಹತ್ತಿ ತುಂಬಿ ರಜಾಯಿ ಹೊಲಿದ ಹಾಗೆ ಹೊಲಿದು ಕೊಟ್ಟಳು. "ಹೊಡೆದಾಡೋದು ಪಾಪ. ಮಂಡಿ ಒಡ್ಕೊಂಡು ನನ್ನ ಕೈಲಿ ಸೇವೆ ಮಾಡಿಸ್ಕೊಳ್ಳೋದು ಇನ್ನೂ ದೊಡ್ಡ ಪಾಪ" ಎಂದಳು.

ಮೊದಲ ಪಂದ್ಯದಲ್ಲಿ ಮೂವತ್ನಾಲ್ಕು ಸೊನ್ನೆಯಿಂದ ಮಣ್ಣು ಮುಕ್ಕಿದರು. ಎರಡನೆಯದರಲ್ಲಿ ಎರಡೂ ಕಡೆಯವರು ಕೆಸರಲ್ಲಿ ಹೊರಳಿದ್ದೇ ಬಂತು, ಯಾರೂ ಗೆಲ್ಲಲಿಲ್ಲ. ಆಮೇಲೆ ಲಿಂಡ್ಲಿ ಅವರಿಗೆ ಬೆಣೆ ಕಲಿಸಿದ. ಹತ್ತು ಜನ ಒಬ್ಬರ ಸೊಂಟ ಒಬ್ಬರು ಹಿಡಿದು ಮೊನೆಯ ಆಕಾರದಲ್ಲಿ ನಿಲ್ಲುವುದು, ಚೆಂಡು ಹಿಡಿದವನನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳುವುದು, ಎದುರಿನ ಸಾಲನ್ನು ಸೌದೆ ಸೀಳುವಂತೆ ಸೀಳಿಕೊಂಡು ಓಡುವುದು. ಮೊನೆಯಲ್ಲಿ ನಿಲ್ಲುವವನಿಗೆ ಹೆದರಿಕೆ ಇರಬಾರದು, ನಿಲ್ಲುವ ಅಭ್ಯಾಸವಂತೂ ಇರಲೇಬಾರದು. ಎಲಮ್‌ನನ್ನು ಬಿಟ್ಟರೆ ಇನ್ಯಾರು? ಮೂರನೇ ಪಂದ್ಯವನ್ನು ಹತ್ತಕ್ಕೆ ಆರರಿಂದ ಗೆದ್ದು ಬಂದಾಗ ಸ್ಟೇಷನ್ನಿನಲ್ಲಿ ನಮ್ಮ ಹಿರಿಯರೂ ಇದ್ದರು. ದಿನಸಿ ಸಾಮಾನು ಬಂದಿದೆಯೇ ಎಂದು ನೋಡಲು ಬಂದಿದ್ದರಂತೆ, ಎಲ್ಲರೂ ಒಂದೇ ದಿನ.

ನಾಲ್ಕನೆಯದು ಗ್ರೇಸನ್ ಕಾಲೇಜಿನ ಮೇಲೆ. ಅವರಲ್ಲಿ ಕ್ಲೆಮ್ ಡಾಸನ್ ಎಂಬ ಆನೆಮೈಯವನಿದ್ದ, ಎಲಮ್‌ನ ನೇರ ಎದುರಿಗೆ. ಬಾಯಿ ಮಾತ್ರ ಒಂದು ಕ್ಷಣ ಸುಮ್ಮನಿರದು.

"ಏಯ್ ಬೂದಿಬೆಕ್ಕುಗಳಾ, ಪ್ರಾರ್ಥನೆ ಮುಗೀತಾ? ಇಲ್ಲಾ ಕಣ್ಮುಚ್ಕೊಂಡೇ ಆಡ್ತೀರಾ?"

"ನಿನ್ ಮುಖ ನೋಡಿ ಆಡೋದು ಕಷ್ಟ ಕ್ಲೆಮ್, ಅದಕ್ಕೇ ಮುಚ್ಕೊಂಡಿರೋದು" ಎಂದ ಎಲಮ್.

ಕ್ಲೆಮ್ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಪ್ರತಿ ಸಲ ಒಬ್ಬರ ಮೇಲೊಬ್ಬರು ಬಿದ್ದು ಎದ್ದಾಗಲೂ ಒಂದೊಂದು ಮಾತು. ಬಿದ್ದವನಿಗೆ ಕೈಕೊಟ್ಟು ಎಬ್ಬಿಸುವುದು ಬೇರೆ. ಇನ್ನೊಂದು ಊರಲ್ಲಿ ಹುಟ್ಟಿದ್ದರೆ ಇಬ್ಬರೂ ಜೀವದ ಗೆಳೆಯರಾಗುತ್ತಿದ್ದರು ಎಂದು ನೋಡುವವರಿಗೆ ಅನಿಸುವಂತಿತ್ತು.

ಎರಡನೇ ಅರ್ಧದಲ್ಲಿ, ಗೆಲುವು ಹೆಚ್ಚು ಕಡಿಮೆ ನಮ್ಮದೇ ಎಂದಾದ ಮೇಲೆ, ಲಿಂಡ್ಲಿ ಮತ್ತೆ ಬೆಣೆ ಕಟ್ಟಿಸಿದ. ಎಲಮ್ ಮೊನೆಯಲ್ಲಿ ತಲೆ ತಗ್ಗಿಸಿ ಓಡಿದ. ಎದುರು ನುಗ್ಗಿದ ಕ್ಲೆಮ್ ಒದ್ದೆ ಹುಲ್ಲಿನಲ್ಲಿ ಜಾರಿ ಕೂತುಬಿಟ್ಟ, ಒಂದು ಕಾಲು ಮುಂದಕ್ಕೆ ಚಾಚಿತ್ತು. ಎಲಮ್ ಅದನ್ನು ನೋಡಿದ. ಅರೆಗಳಿಗೆ, ಅಷ್ಟೇ ಸಮಯ ಇದ್ದದ್ದು, ಆದರೆ ಇತ್ತು. ಎಡಗಡೆ ಇಬ್ಬರು ಓಡುವಷ್ಟು ಜಾಗವೂ ಇತ್ತು. ಅವನು ಎಡಕ್ಕೆ ಹೋಗಲಿಲ್ಲ. ಹಿಂದಿನ ಒಂಬತ್ತು ಜನರ ಭಾರ ಬೆನ್ನಿಗಿಟ್ಟುಕೊಂಡು ಆ ಕಾಲಿನ ಮೇಲೆಯೇ ಹೋದ. ಮೂಳೆ ಮುರಿದ ಸದ್ದು ಕೇಳಿಸಿತು. ಹುಟ್ಟಿದಾಗಿನಿಂದ ಅವನೊಳಗೆ ಕುದಿಯುತ್ತಿದ್ದುದೆಲ್ಲ ಆ ಸದ್ದಿಗೆ ಒಮ್ಮೆಲೇ ತಣ್ಣಗಾಯಿತು. ಎಷ್ಟು ಮೌನದ ಸಭೆಗಳಲ್ಲಿ ಕೂತರೂ ಸಿಗದ ಶಾಂತಿ ಅಲ್ಲಿ, ಕೆಸರಿನಲ್ಲಿ, ಮನುಷ್ಯನೊಬ್ಬ ಕಿರುಚುತ್ತಿರುವಾಗ ಸಿಕ್ಕಿತು.

ಅಂಪೈರು ತಪ್ಪಿಲ್ಲ ಎಂದ. ಕ್ಲೆಮ್‌ನನ್ನು ಬೇಲಿಯ ಗೇಟು ಕಿತ್ತು ಅದರ ಮೇಲೆ ಮಲಗಿಸಿ ಎತ್ತಿದಾಗ, ಅವನೇ ಎಲಮ್‌ನ ಕೈ ಹಿಡಿದು ಹೇಳಿದ. "ನಿಂದೇನೂ ಇಲ್ಲ ಮಾರಾಯ. ಜಾರಿದ್ದು ನಾನು." ಪಂದ್ಯ ಹದಿನಾರಕ್ಕೆ ನಾಲ್ಕರಿಂದ ನಮ್ಮದಾಯಿತು.

ಇನ್ನು ಉಳಿದಿದ್ದು ಒಂದೇ, ಐದನೆಯದು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಗುರುವಾರ, ಕಾನ್ವೇ ಕಾಲೇಜಿನ ಮೇಲೆ. ಆ ಸೀಮೆಯಲ್ಲಿ ಕಾನ್ವೇಯವರನ್ನು ಯಾರೂ ಸೋಲಿಸಿರಲಿಲ್ಲ. ಊರಿಗೆ ಊರೇ ಹುಚ್ಚೆದ್ದಿತ್ತು. ಲಿಂಡ್ಲಿಯ ಬಾಯಲ್ಲಿ ಊಟ ತಿಂಡಿ ಎಲ್ಲ ಕಾನ್ವೇ. ಆ ಗೆಲುವಿಗಾಗಿಯೇ ತಾನು ಈ ಸಣ್ಣ ಊರಿಗೆ ಬಂದದ್ದು ಎಂದು ಅವನು ನಂಬಿಬಿಟ್ಟಿದ್ದ.

ಎಲಮ್‌ಗೆ ಮಾತ್ರ ನಿಂತ ಕಡೆ ನಿಲ್ಲಲಾಗುತ್ತಿರಲಿಲ್ಲ. ಮೈದಾನದ ಶಾಂತಿ ಒಂದು ದಿನವೂ ಬಾಳಿರಲಿಲ್ಲ. ಅತ್ತೆಯ ಚಳಿಗಾಲದ ಸೌದೆಯನ್ನೆಲ್ಲ ಎರಡು ದಿನದಲ್ಲಿ ಒಡೆದು ಹಾಕಿದ. ಆಮೇಲೆ ಪಕ್ಕದ ಮನೆಯದು, ಅವರು ಕೇಳದೆಯೇ. ಆಮೇಲೆ ರೈಲುಹಳಿಯ ಗುಂಟ ಪಕ್ಕದ ಸ್ಟೇಷನ್‌ವರೆಗೂ ನಡೆದು ವಾಪಸು ಬಂದ. ಕ್ಲೆಮ್‌ನ ಮಂಡಿ ಚಿಪ್ಪು ಸಮೇತ ಹೋಗಿದೆ, ಕಾಲು ಗಿಡ್ಡವಾಗುತ್ತದೆ ಎಂದು ಗ್ರೇಸನ್‌ನಿಂದ ಕಾಗದ ಬಂದ ದಿನ ಅವನು ಊಟಕ್ಕೇ ಕೂರಲಿಲ್ಲ. ಪಾಪ ಹುಡುಗ ನೊಂದುಕೊಂಡಿದ್ದಾನೆ ಎಂದು ಎಲ್ಲರೂ ಮರುಗಿದರು. ಅದೇ ಅವನಿಗೆ ಸಹಿಸಲಾಗದ್ದು.

ಆ ಕಾಗದದಿಂದ ಸಭೆಯ ಹಿರಿಯರಿಗೂ ಕಳವಳ ಹತ್ತಿತು. ಆಟ ಮುಂದುವರಿಯಬೇಕೇ ಬೇಡವೇ ಎನ್ನುವುದನ್ನು ಪಂದ್ಯಕ್ಕೆ ಎಂಟು ದಿನ ಮುಂಚಿನ ಬುಧವಾರ ತಿಂಗಳ ಸಭೆಯ ಮುಂದೆ ಇಡುವುದೆಂದಾಯಿತು. ನಮ್ಮಲ್ಲಿ ಕೈ ಎತ್ತಿಸಿ ಎಣಿಸುವುದಿಲ್ಲ. ಮಾತಾಡಬೇಕಾದವರು ಮಾತಾಡುತ್ತಾರೆ, ನಡುನಡುವೆ ಮೌನ. ಸಭೆಯ ಮನಸ್ಸು ಯಾವ ಕಡೆ ಕೂತಿತು ಎಂದು ಬರವಣಿಗೆಯವನು ತಿಳಿದು ಬರೆದು ಓದುತ್ತಾನೆ. ಓದಿದ ಮೇಲೆ ಒಬ್ಬನೇ ಒಬ್ಬ ಎದ್ದು ಇದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ ಎಂದರೂ ಸಾಕು, ವಿಷಯ ಅಲ್ಲಿಗೇ ನಿಲ್ಲುತ್ತದೆ.

ಹಿಂದಿನ ದಿನ ಲಿಂಡ್ಲಿ ಎಲಮ್‌ನನ್ನು ಹುಡುಕಿಕೊಂಡು ಬಂದ.

"ನೋಡು, ಅಂಪೈರ್ ಏನಂದ? ತಪ್ಪಿಲ್ಲ ಅಂದ. ಕ್ಲೆಮ್ ಏನಂದ? ನಾನೇ ಜಾರಿದ್ದು ಅಂದ. ನಿನ್ನ ಏನಾದ್ರೂ ಕೇಳಿದ್ರೆ ಕೇಳಿದ್ದಕ್ಕಷ್ಟೇ ಹೇಳಿ ಕೂತ್ಕೋ."

"ಲಿಂಡ್ಲಿ, ಎಡಗಡೆ ಜಾಗ ಇತ್ತು."

"ಬೆಣೆ ಎಡಕ್ಕೂ ಬಲಕ್ಕೂ ತಿರುಗಲ್ಲ ಕಣೋ. ತಿರುಗಿದ್ರೆ ಅದು ಬೆಣೆಯಲ್ಲ, ಕುರಿಮಂದೆ."

"ಆದ್ರೂ ಇತ್ತು."

"ಇತ್ತೋ ಇಲ್ವೋ, ಅದನ್ನ ಸಭೇಲಿ ಹೇಳ್ಬೇಡ" ಎಂದ ಲಿಂಡ್ಲಿ. "ನಿಂಗೆ ಕೈಮುಗೀತೀನಿ."

ಬುಧವಾರ ಸಭಾಮನೆ ತುಂಬಿತ್ತು. ವಯಸ್ಸಾದ ಜೆಸ್ಸಿ ನ್ಯೂಲಿನ್ ಮೊದಲು ಎದ್ದ. "ಯುದ್ಧಕ್ಕೆ ಬರಲ್ಲ ಅಂತ ಹೇಳಿ ಜೈಲಿಗೆ ಹೋದವರು ನಾವು. ಈಗ ನಮ್ಮ ಹುಡುಗರಿಗೆ ಶನಿವಾರ ಶನಿವಾರ ಸಣ್ಣ ಯುದ್ಧ ಕಲಿಸ್ತಿದೀವಾ?" ಎಂದು ಕೂತ. ಆಮೇಲೆ ಕಾಲೇಜಿನ ಪ್ರಿನ್ಸಿಪಾಲ ಎದ್ದು, ಆಟ ಶುರುವಾದ ಮೇಲೆ ಹುಡುಗರು ತಂಬಾಕು ಬಿಟ್ಟಿದ್ದಾರೆ, ಹೊತ್ತಿಗೆ ಸರಿಯಾಗಿ ಏಳುತ್ತಾರೆ, ಕಾಲು ಮುರಿಯುವುದು ಕುದುರೆಗಾಡಿಯಿಂದಲೂ ಆಗುತ್ತದೆ ಎಂದ. ಅದಕ್ಕೆ ಎರಡು ಮೂರು ಕಡೆಯಿಂದ ಹೂಂಗುಟ್ಟಿದರು. ಗಾಳಿ ಆಟದ ಕಡೆಗೇ ಬೀಸುತ್ತಿತ್ತು. ಬರವಣಿಗೆಯ ಏಮಸ್ ಪಿಕೆಟ್ ಪೆನ್ನು ಮಸಿಗೆ ಅದ್ದಿ ಬರೆಯತೊಡಗಿದ. ಲಿಂಡ್ಲಿಯ ಮುಖ ಅರಳಿತು.

ಆಗ ಹೆಂಗಸರ ಕಡೆಯಿಂದ ಕೆಜಾಯಾ ಅತ್ತೆ ಎದ್ದಳು. ಉಳಿದಿದ್ದ ಅನುಮಾನವನ್ನೂ ಒರೆಸಿ ಹಾಕಿಬಿಡೋಣ ಎನ್ನುವುದು ಅವಳ ಆಸೆ. ಹುಡುಗನ ಹೆಸರಿಗೆ ಮಸಿ ಉಳಿಯಬಾರದು, ಅಷ್ಟೇ ಅವಳಿಗೆ ಬೇಕಿದ್ದದ್ದು.

"ನಮ್ಮ ಎಲಮ್ ಇಲ್ಲೇ ಇದಾನೆ. ಅವನು ಸುಳ್ಳು ಹೇಳಲ್ಲ, ಅದು ನಿಮಗೆಲ್ಲ ಗೊತ್ತು. ಒಂದೇ ಮಾತು ಕೇಳ್ತೀನಿ. ಎಲಮ್, ಆ ಹುಡುಗನ ಮೇಲೆ ನೀನು ಕೋಪದಿಂದ ಬಿದ್ಯಾ?"

ಎಲಮ್ ಎದ್ದು ನಿಂತ. ಇಲ್ಲ ಎಂದು ಕೂತಿದ್ದರೆ ಮುಗಿದಿತ್ತು. ಅದು ಅಪ್ಪಟ ನಿಜವೂ ಆಗುತ್ತಿತ್ತು. ಒಂದು ಅಕ್ಷರ ಸುಳ್ಳಿಲ್ಲದೆ ತಾನು ಪಾರಾಗಬಹುದು ಎಂದು ಅವನಿಗೆ ಗೊತ್ತಿತ್ತು. ಮುಂದಿನ ಬೆಂಚನ್ನು ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಕೋಪ ಇರ್ಲಿಲ್ಲ" ಎಂದ. "ಕ್ಲೆಮ್ ಅಂದ್ರೆ ನಂಗಿಷ್ಟ. ಅವನು ಬಿದ್ದಿದ್ದು ನೋಡ್ದೆ. ಎಡಗಡೆ ಜಾಗ ಇತ್ತು, ಹೋಗ್ಬಹುದಿತ್ತು, ಹೋಗ್ಲಿಲ್ಲ. ಮೂಳೆ ಮುರಿದಿದ್ದು ಕೇಳ್ತು. ಆಗ ನಂಗೆ ಖುಷಿ ಆಯ್ತು. ಅಷ್ಟು ಖುಷಿ ನಂಗೆ ಯಾವತ್ತೂ ಆಗಿಲ್ಲ."

ಅತ್ತೆ ನಿಂತೇ ಇದ್ದಳು. ಪಕ್ಕದವಳು ತೋಳು ಹಿಡಿದು ಕೂರಿಸಬೇಕಾಯಿತು. ಏಮಸ್ ಪಿಕೆಟ್ ಬರೆದ ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟು, ಹೊಸ ಹಾಳೆ ತೆಗೆದು ಬರೆದ. ಈ ಕಾಲೇಜಿನ ಹುಡುಗರು ಇನ್ನು ಈ ಆಟ ಆಡುವುದಿಲ್ಲ, ಮುಂದಿನ ಗುರುವಾರವೂ ಇಲ್ಲ. ಓದಿ ತಲೆ ಎತ್ತಿ ಎರಡೂ ಕಡೆ ನೋಡಿದ. ಲಿಂಡ್ಲಿ ಅರ್ಧ ಎದ್ದ. ಅವನ ಒಂದು ಮಾತು ಸಾಕಿತ್ತು. ಎಲ್ಲರೂ ಕಾದರು. ಅವನು ಎಲಮ್‌ನ ಮುಖ ನೋಡಿ ಮತ್ತೆ ಕೂತುಬಿಟ್ಟ.

ಹೊರಗೆ, ಕುದುರೆ ಕಟ್ಟುವ ಕಟಾಂಜನದ ಹತ್ತಿರ, ಲಿಂಡ್ಲಿ ಅವನ ಅಂಗಿ ಹಿಡಿದ.

"ಕೋಪ ಇತ್ತಾ ಅಂತ ತಾನೇ ಕೇಳಿದ್ದು? ಇಲ್ಲ ಅಂದು ಕೂತ್ಕೊಳ್ಳೋಕೆ ಏನಾಗಿತ್ತು ನಿಂಗೆ?"

"ಕೂತಿದ್ರೆ ಗುರುವಾರ ಇನ್ನೊಬ್ಬನ ಕಾಲು ಹುಡುಕ್ತಿದ್ದೆ."

ಲಿಂಡ್ಲಿ ಅಂಗಿ ಬಿಟ್ಟ. ಕಣ್ಣು ಒರೆಸಿಕೊಂಡು ಹೊರಟುಹೋದ. ಅತ್ತೆಯೊಂದಿಗೆ ಮನೆಯವರೆಗೆ ನಡೆದದ್ದು ಅದಕ್ಕಿಂತ ಕಷ್ಟದ ದಾರಿ.

"ಅಷ್ಟೆಲ್ಲ ನಾನು ಕೇಳಿರ್ಲಿಲ್ಲ" ಎಂದಳು ಅವಳು, ಮನೆಯ ಗೇಟಿನ ಹತ್ತಿರ.

"ನೀನು ಕೇಳಿದ್ದು ನಾನು ಒಳ್ಳೆಯವನಾ ಅಂತ, ಅತ್ತೆ."

ಅವಳು ಗೇಟು ತೆಗೆದು ಒಳಗೆ ಹೋದಳು. ಅವನ ಬಗ್ಗೆ ಊರವರ ಮುಂದೆ ಹೊಗಳಿ ಮಾತಾಡುವುದನ್ನು ಅಂದಿನಿಂದ ಬಿಟ್ಟಳು. ಊಟಕ್ಕೆ ಮಾತ್ರ ಮುಂಚಿಗಿಂತ ಹೆಚ್ಚು ಬಡಿಸುತ್ತಿದ್ದಳು.

ಸಭೆಗೆ ಹೇಳಿದರೆ ಸಾಲದು, ಯಾರ ಕಾಲೋ ಅವನಿಗೆ ಹೇಳಬೇಕು ಎಂದು ಎಲಮ್‌ನ ತಲೆಗೆ ಹೊಕ್ಕಿತು. ಇದು ನಮ್ಮವರಿಗೆ ಮಾತ್ರ ಬರುವ ಯೋಚನೆ. ನಿಜ ಎನ್ನುವುದು ಎಲ್ಲರಿಗೂ ತಲುಪಿಸಬೇಕಾದ ಟಪಾಲು ಎಂದು ನಾವು ತಿಳಿದಿದ್ದೇವೆ. ಪಂದ್ಯ ನಡೆಯಬೇಕಿದ್ದ ಗುರುವಾರವೇ ರೈಲು ಹತ್ತಿ ಗ್ರೇಸನ್‌ಗೆ ಹೋದ, ದಾರಿಯುದ್ದಕ್ಕೂ ಬೋಗಿಯ ಬಾಗಿಲಲ್ಲಿ ನಿಂತು.

ಕ್ಲೆಮ್ ಅಡುಗೆಮನೆಯ ಒಲೆ ಪಕ್ಕ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದ. ಮನೆಯ ತುಂಬ ಟರ್ಕಿ ಕೋಳಿ ಬೇಯುವ ವಾಸನೆ.

"ಏ ಬೂದಿಬೆಕ್ಕು!" ಎಂದು ಕೂಗಿದ. "ಅಮ್ಮಾ, ನೋಡೇ ಯಾರು ಬಂದಿದಾನೆ! ಪಂದ್ಯ ಬಿಟ್ಟು ಬಂದ್ಯೇನೋ? ಬಾ, ಬಾ, ಕೂತ್ಕೋ."

ಎಲಮ್ ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದ. ಎಡಗಡೆಯ ಜಾಗ ಹೇಳಿದ, ಸದ್ದು ಹೇಳಿದ, ಖುಷಿ ಹೇಳಿದ. ಹೇಳುತ್ತಿದ್ದಂತೆ ಕ್ಲೆಮ್‌ನ ಮುಖದಿಂದ ನಗು ಇಳಿಯಿತು. ಬಾಯಿ ಸುಮ್ಮನಿರದ ಆ ಮನುಷ್ಯ ತುಂಬ ಹೊತ್ತು ತನ್ನ ಮಂಡಿಯನ್ನೇ ನೋಡಿದ.

"ಜಾರಿಬಿದ್ದೆ ಅಂದ್ಕೊಂಡಿದ್ದೆ" ಎಂದ ಕೊನೆಗೆ. "ಜಾರಿಬಿದ್ದೆ ಅಂತ ಕುಂಟ್ಕೊಂಡು ಬದುಕ್ಬಹುದಿತ್ತು. ಈಗ ಹೆಜ್ಜೆ ಹೆಜ್ಜೆಗೂ ನಿನ್ ಮುಖ ನೋಡ್ಬೇಕಲ್ಲೋ ನಾನು. ನಿನ್ ಹೊರೆ ಇಳಿಸೋಕೆ ನನ್ ಮನೇನೇ ಬೇಕಿತ್ತಾ? ಹೋಗು. ಇನ್ ಬರ್ಬೇಡ."

ಅವನ ತಾಯಿ ಕಡುಬಿನ ತಟ್ಟೆ ಹಿಡಿದು ಬಂದಾಗ ಎಲಮ್ ಬಾಗಿಲಾಚೆ ಇದ್ದ.

ಸತ್ಯ ಹೇಳಿ ಅವನು ಹಗುರಾದ ಎಂದು ಬರೆಯಲು ನನಗೂ ಆಸೆ. ಆಗಲಿಲ್ಲ. ಕಾಲೇಜು ಬಿಟ್ಟು ಬಾವಿ ತೋಡುವ ಕೆಲಸ ಹಿಡಿದ, ಸೀಮೆಯ ತುಂಬ ಅಲೆದು ತೋಡಿದ. ಮದುವೆಯಾದ, ಮೂರು ಮಕ್ಕಳಾದವು, ಸಭೆಗೆ ತಪ್ಪದೆ ಬಂದ. ಕ್ಲೆಮ್‌ಗೆ ಎರಡು ಸಲ ಕಾಗದ ಬರೆದ, ಉತ್ತರ ಬರಲಿಲ್ಲ. ಹನ್ನೆರಡು ವರ್ಷದ ಮೇಲೆ ಹೊಸ ಹಿರಿಯರು ಕಾಲೇಜಿನಲ್ಲಿ ಆಟಕ್ಕೆ ಮತ್ತೆ ಒಪ್ಪಿಗೆ ಕೊಟ್ಟರು, ಬೆಣೆಯೊಂದನ್ನು ಬಿಟ್ಟು. ಲಿಂಡ್ಲಿ ಆಗ ಊರಿನ ಬೀಜದ ವ್ಯಾಪಾರಿ. ಕೂದಲು ಅರ್ಧ ಉದುರಿತ್ತು, ಸಿಟ್ಟು ಪೂರ್ತಿ ಇಳಿದಿತ್ತು. ಮೊದಲ ಪಂದ್ಯದ ದಿನ ಎಲಮ್ ತೋಡುತ್ತಿದ್ದ ಬಾವಿಯ ಹತ್ತಿರಕ್ಕೆ ತಾನೇ ಗಾಡಿ ತಂದು, "ಬಾರೋ, ಮುಂದಿನ ಸಾಲಲ್ಲೇ ಜಾಗ ಇಟ್ಟಿದೀನಿ" ಎಂದು ಕರೆದ.

"ಬರಲ್ಲ" ಎಂದ ಎಲಮ್, ಬಾವಿಯೊಳಗಿನಿಂದ.

"ಇನ್ನೂ ಅದನ್ನೇ ಹಿಡ್ಕೊಂಡಿದೀಯಾ? ಅಷ್ಟು ಅಸಹ್ಯನಾ ಆಟ ಅಂದ್ರೆ?"

ಗುದ್ದಲಿಯ ಸದ್ದು ನಿಂತಿತು.

"ಅಸಹ್ಯ ಅಲ್ಲ ಲಿಂಡ್ಲಿ. ಇವತ್ತಿಗೂ ನಂಗೆ ಬಹಳ ಇಷ್ಟ, ಅದಕ್ಕೇ ಬರಲ್ಲ" ಎಂದು ಮತ್ತೆ ಅಗೆಯತೊಡಗಿದ.